ಕೂಲಂಟ್ ಲಾಸ್: ಲಾರಿ ನೀರ ಕುಡ್ಯಾಕತ್ತೈತಿ ಅಂದ್ರ ಏನು?

ಡೀಸೆಲ್ ಎಂಜಿನ್ನಿನ ರೇಡಿಯೇಟರ್, ಟ್ಯಾಂಕ್, ಬ್ಲಾಕ್ ಒಳಗ ತಿರಗ್ಯಾಡಿ ಎಂಜಿನ್ ತಣ್ಣಗಿಡೋ ಕೂಲಂಟ್ ದಿನಾ ಒಂದಿಷ್ಟು ಕಡಿಮಿ ಆಕ್ಕೋತ ಹೋದ್ರ ಅದಕ್ಕ ಕೂಲಂಟ್ ಲಾಸ್ ಅಂತಾರ. ನಮ್ಮ ಡ್ರೈವರ್‌ಗಳ ಬಾಯಾಗ "ಗಾಡಿ ನೀರ ಕುಡ್ಯಾಕತ್ತೈತಿ". ಬಿಸಲಿಗೆ ಆವಿ ಆಗಿರಬೇಕ ಬಿಡ್ರಿ ಅಂತ ಭಾಳ ಮಂದಿ ಸುಮ್ನಾಗ್ತಾರ, ಆದ್ರ ಅದು ನಡ್ಯಂಗಿಲ್ಲ, ಈ ಸಿಸ್ಟಮ್ ಕ್ಯಾಪ್ ಹಾಕಿ ಬಂದ್ ಮಾಡಿದ್ದು, ಪ್ರೆಶರ್‌ನ್ಯಾಗ ಕೆಲ್ಸ ಮಾಡೋದು, ವಿಜಯಪುರದ ಎಪ್ರಿಲ್ ಬಿಸಲಾಗೂ ವಾರವಾರ ಟಾಪ್‌ಅಪ್ ಬೇಡಬಾರದು. ಬೇಡಾಕತ್ತೈತಿ ಅಂದ್ರ ಎಲ್ಲೋ ಹೊಂಟೈತಿ.

ಹೋಗಾಕ ದಾರಿ ನಾಕ. ಹೊರಗ ಸೋರಿ ನೆಲಕ್ಕ, ಸುಟ್ಟು ಸೈಲೆನ್ಸರಿಗೆ, ಇಳದು ಎಂಜಿನ್ ತಳದ ಆಯಿಲ್ ಚೇಂಬರಿಗೆ, ಇಲ್ಲಾಂದ್ರ ಬ್ರೇಕಿನ ಏರ್ ಟ್ಯಾಂಕಿಗೆ. ಯಾವ ದಾರಿ ಹಿಡದೈತಿ ಅಂತ ಗೊತ್ತ ಮಾಡ್ಕೊಳ್ಳೋದ ಡಯಾಗ್ನೋಸಿಸ್, ಪಾನಾ ಹಿಡ್ಯೋದು ಆಮ್ಯಾಲಿನ ಮಾತು. ನಮ್ಮ ಕಡೆ ಇದು ಉಲ್ಟಾ ಆಗೈತಿ, ನೀರ ಕಡಿಮಿ ಅಂದ ಕೂಡ್ಲೆ "ಹೆಡ್ ಗ್ಯಾಸ್ಕೆಟ್ ಹೋಗೈತಿ, ಹೆಡ್ ಇಳಸೂಣು" ಅಂತಾರ (ಎಂಜಿನ್ ಬ್ಲಾಕಿನ ಮ್ಯಾಲಿನ ಮುಚ್ಚಳ ಹೆಡ್, ಎರಡರ ನಡುವಿನ ಸೀಲ್ ಹೆಡ್ ಗ್ಯಾಸ್ಕೆಟ್), ಅದೂ ಮುಧೋಳ, ಜಮಖಂಡಿ ಕಡೆ ಕಬ್ಬಿನ ಸೀಜನ್ ನಡುವ. ಹೆಡ್ ನನ್ನ ಲೆಕ್ಕದಾಗ ಕಡೀಕ ನೋಡೋ ಜಾಗ.

ಮೊದ್ಲ ಕ್ಯಾಪ್ ನೋಡ್ರಿ, ಎಲ್ಲಾಕ್ಕಿಂತ ಸೋವಿ ಪಾರ್ಟ್ ಅದು. ಸಾದಾ ನೀರು 100 ಡಿಗ್ರಿಗೆ ಕುದೀತೈತಿ, ಅದರ ಮ್ಯಾಲೆ 1 ಬಾರ್ ಪ್ರೆಶರ್ ಕೂತ್ರ ಸುಮಾರು 120ರ ತನಕ ಕುದ್ಯಂಗಿಲ್ಲ, ಕೂಲಂಟ್ ಸೇರಿದ್ರ ಇನ್ನೂ ಸ್ವಲ್ಪ ಮ್ಯಾಲೆ. ಕ್ಯಾಪಿನ ಸ್ಪ್ರಿಂಗ್, ರಬ್ಬರ್ ಸಡ್ಲ ಆದ್ರ ಆ ಪ್ರೆಶರ್ ನಿಲ್ಲಂಗಿಲ್ಲ, ಲೋಡ್ ಹೇರ್ಕೊಂಡು ನಿಪ್ಪಾಣಿ ಹತ್ರ ತವಂದಿ ಘಾಟ್ ಏರೂದ್ರಾಗ ಕೂಲಂಟ್ ಓವರ್‌ಫ್ಲೋ ಪೈಪಿನಿಂದ ಹೊರಗ. ಬೆಳಗಾವಿ ಮುಟ್ಟೂದ್ರಾಗ ಪೈಪ್ ಒಣಗಿರ್ತೈತಿ, ಡ್ರೈವರ್‌ಗ ಏನೂ ಕಾಣಂಗಿಲ್ಲ. (ಎಂಜಿನ್ ಬಿಸಿ ಇದ್ದಾಗ ಕ್ಯಾಪ್ ತಗೀಬ್ಯಾಡ್ರಿ ಅಂತ ಹೇಳೂದ ಬ್ಯಾಡ ಅನಸ್ತೈತಿ, ಆದ್ರೂ ಮುಖ ಸುಟಗೊಳ್ಳೋರು ಇನ್ನೂ ಅದಾರ.)

ಆಮ್ಯಾಲೆ ಪ್ರೆಶರ್ ಟೆಸ್ಟ್. ಕ್ಯಾಪ್ ಜಾಗಕ್ಕ ಮೀಟರ್ ಇರೋ ಹ್ಯಾಂಡ್ ಪಂಪ್ ಕೂಡ್ಸಿ, ಕ್ಯಾಪ್ ಮ್ಯಾಲೆ ಬರದಷ್ಟ ಪ್ರೆಶರ್ ಹೊಡದು, ಕಾಲು ಅರ್ಧ ತಾಸು ಬಿಡೋದು. ಮುಂಜಾನೆ ಎಂಜಿನ್ ತಣ್ಣಗಿದ್ದಾಗ್ಲೇ ಮಾಡ್ರಿ, ಯಾಕಂದ್ರ ಕೆಲವು ಹೋಸ್ ಜಾಯಿಂಟ್ ತಣ್ಣಗಿದ್ದಾಗ ಅಷ್ಟ ಸೋರ್ತಾವ, ಬಿಸಿ ಆದ್ರ ಹಿಗ್ಗಿ ಮುಚ್ಕೋತಾವ. ಮುಳ್ಳು ಇಳದ್ರ ಕ್ಲಿಪ್, ರೇಡಿಯೇಟರ್ ಮೂಲಿ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ಎಲ್ಲಾ ಬ್ಯಾಟರಿ ಹಿಡದು ನೋಡ್ರಿ. ಆ ತೂತು ಇರೋದ ಸೀಲ್ ಹೋದ್ರ ತೋರ್ಸಾಕ, ಕಲೆ ಇದ್ರ ನಡೀತೈತಿ, ಹನಿ ಬಿದ್ರ ಪಂಪ್ ಮುಗೀತು ಅಂತ. ಮುಳ್ಳು ಇಳದೈತಿ ಆದ್ರ ಹೊರಗ ಒಂದ ಹನಿ ಇಲ್ಲ ಅಂದ್ರ ಒಳಗ ಹೊಂಟೈತಿ.

ಇಲ್ಲೇ ಮಂದಿ ದಾರಿ ತಪ್ಪೋದು. ಟ್ಯಾಂಕಿನ್ಯಾಗ ಗುಳ್ಳಿ ಬರಾಕತ್ತಾವ, ಕೂಲಂಟ್ ಹೊರಗ ಉಗುಳಾಕತ್ತೈತಿ ಅಂದ್ರ ಹೆಡ್ ಗ್ಯಾಸ್ಕೆಟ್ ಅಂತ ಬರದ ಬಿಡ್ತಾರ. ಆದ್ರ ದೊಡ್ಡ ಗಾಡಿಗೆ ಬ್ರೇಕಿನ ಗಾಳಿ ತುಂಬೋ ಏರ್ ಕಂಪ್ರೆಸರ್ ಇರ್ತೈತಿ, ಭಾಳ ಎಂಜಿನ್‌ನ್ಯಾಗ ಅದರ ಹೆಡ್ಡಿಗೂ ಇದ ಕೂಲಂಟ್ ಹೋಗ್ತೈತಿ, ಅದರ ಗ್ಯಾಸ್ಕೆಟ್ ಹೋದ್ರ ಗಾಳಿ ಕೂಲಂಟಿಗೆ ಸೇರಿ ತದ್ರೂಪ ಅದ ಲಕ್ಷಣ ತೋರಸ್ತೈತಿ. ಕಂಪ್ರೆಸರಿಗೆ ಬರೋ ಹೋಗೋ ಎರಡೂ ಕೂಲಂಟ್ ಪೈಪ್ ಬಿಚ್ಚಿ, ಅವುನ್ನ ಒಂದಕ್ಕೊಂದು ಜೋಡ್ಸಿ, ಸ್ವಲ್ಪ ಹೊತ್ತಷ್ಟ ಸ್ಟಾರ್ಟ್ ಮಾಡಿ ನೋಡ್ರಿ. ಗುಳ್ಳಿ ನಿಂತ್ರ ಕಳ್ಳ ಸಿಕ್ಕ, ಎಂಜಿನ್ ಹೆಡ್ ಮುಟ್ಟೂದ ಬ್ಯಾಡ. ಏರ್ ಟ್ಯಾಂಕಿನ ಡ್ರೇನ್ ಬಿಟ್ಟಾಗ ಬಣ್ಣದ ನೀರು ಬಂದ್ರೂ ಅದ ಅರ್ಥ, ಮತ್ತ ಅದು ಬ್ರೇಕಿನ ಲೈನ್, ನಾಳೆ ನೋಡೂಣು ಅನ್ನಂಗಿಲ್ಲ.

ಈಜಿಆರ್ ಇರೋ ಗಾಡಿ ಆದ್ರ, 2020ರ ಎಪ್ರಿಲ್ 1ರಿಂದ ಬಿಎಸ್6 ಹೊಗಿ ನಿಯಮ ಬಂದ ಮ್ಯಾಲೆ ಇವು ಹೆಚ್ಚಾಗ್ಯಾವ, ಈಜಿಆರ್ ಕೂಲರ್ ಮ್ಯಾಲೆ ಕಣ್ಣಿಡ್ರಿ. ಸೈಲೆನ್ಸರ್ ಕಡೆ ಹೊಂಟ ಸುಡೋ ಹೊಗೀನ ಸ್ವಲ್ಪ ಹೊಳ್ಳಿಸಿ, ಕೂಲಂಟಿನಿಂದ ತಣ್ಣಗ ಮಾಡಿ ಎಂಜಿನ್ನಿಗೆ ಕೊಡೋ ಪಾರ್ಟ್ ಅದು. ಕಾದು ತಣದು ಕಾದು ತಣದು ಒಳಗಿನ ತೆಳು ಪೈಪ್ ಸೀಳ್ತಾವ, ಕೂಲಂಟ್ ಎಂಜಿನ್ ಒಳಗ ಸುಟ್ಟು ಹೋಗ್ತೈತಿ, ಸಿಹಿ ವಾಸ್ನಿ ಬಿಳಿ ಹೊಗಿ ಬರ್ತೈತಿ, ಡಿಪಿಎಫ್ (ಸೈಲೆನ್ಸರ್ ಹೊಗಿ ಸೋಸೋ ಫಿಲ್ಟರ್) ಇದ್ರ ಆ ಹೊಗಿನೂ ಸರಿಯಾಗಿ ಕಾಣದಿರಬಹುದು. ಪ್ರೆಶರ್ ಹೊಡದ ಇಟ್ಟು ಕೂಲರಿನ ಹೊಗಿ ಪೈಪ್ ಬಿಚ್ಚಿ ಒಳಗ ಹಸಿ ಐತೇನ ನೋಡಿದ್ರ ಗೊತ್ತಾಗ್ತೈತಿ. ಭಾಳ ಸೋರ್ತಿದ್ದು ಸಿಲಿಂಡರ್‌ನ್ಯಾಗ ಕೂಲಂಟ್ ನಿಂತಿದ್ರ ಸೆಲ್ಫ್ ಹೊಡ್ಯೂದ್ರಾಗ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗ್ತೈತಿ, ನೀರು ಒತ್ತಂಗಿಲ್ಲ ನೋಡ್ರಿ.

ಇನ್ನ ಚೇಂಬರ್ ದಾರಿ. ರಾತ್ರಿಯೆಲ್ಲಾ ನಿಂತ ಗಾಡಿಯ ಚೇಂಬರ್ ಬೋಲ್ಟ್ ಮುಂಜಾನೆ ಸಾವಕಾಶ ಸಡ್ಲ ಮಾಡ್ರಿ, ಕೂಲಂಟ್ ಆಯಿಲ್ಲಿಗಿಂತ ಭಾರ, ತಳಕ್ಕ ಕೂತಿರ್ತೈತಿ, ಮೊದ್ಲ ಅದ ಇಳೀತೈತಿ. ಆಯಿಲ್ ನೋಡೋ ಗೇಜ್ ಕಡ್ಡಿ ಎಳದಾಗ ಆಯಿಲ್ ಹಾಲ ಹಾಕಿದ ಚಹಾದಂಗ ಕಂಡ್ರ ಕತಿ ಮುಂದ ಹೋಗೈತಿ ಅಂತ, ಸ್ಟಾರ್ಟ್ ಮಾಡಬ್ಯಾಡ್ರಿ, ಬೇರಿಂಗ್ ಉಳ್ಯಂಗಿಲ್ಲ. ಕೂಲಂಟ್ ಟ್ಯಾಂಕಿನ್ಯಾಗ ಆಯಿಲ್ ತೇಲಾಕತ್ತಿದ್ರ ಮೊದ್ಲ ಅನುಮಾನ ಕೂಲಂಟಿನಿಂದ ಆಯಿಲ್ ತಣ್ಣಗ ಮಾಡೋ ಆಯಿಲ್ ಕೂಲರ್ ಮ್ಯಾಲೆ, ಎಂಜಿನ್ ಓಡುವಾಗ ಆಯಿಲ್ ಪ್ರೆಶರ್ ಕೂಲಂಟಿಗಿಂತ ಜಾಸ್ತಿ ಅದಕ್ಕ. ಬರೇ ಚೇಂಬರಿಗೆ ನೀರು ಇಳದಿದ್ರ ಚೇಂಬರ್ ಬಿಚ್ಚಿ ಪ್ರೆಶರ್ ಹೊಡದು ಕೆಳಗ ಮಲಕ್ಕೊಂಡು ನೋಡ್ರಿ, ಯಾವ ಲೈನರ್ (ಪಿಸ್ಟನ್ ಒಳಗ ಆಡೋ ಕೊಳವಿ) ಬುಡದಿಂದ ಹನೀತೈತಿ ಅಂತ ಕಾಣ್ತೈತಿ. ಅದರ ರಬ್ಬರ್ ಸೀಲ್ ಓ ರಿಂಗ್ ಹೋಗಿರ್ತೈತಿ, ಇಲ್ಲಾಂದ್ರ ಲೈನರ್ ತೂತ ಬಿದ್ದಿರ್ತೈತಿ.

ತೂತ ಹೆಂಗ ಅಂತೀರಿ? ದೊಡ್ಡ ಡೀಸೆಲ್‌ನ್ಯಾಗ ಲೈನರಿನ ಹೊರಮೈ ನೇರ ಕೂಲಂಟಿನ್ಯಾಗ ಇರ್ತೈತಿ, ಪಿಸ್ಟನ್ ಹೊಡತಕ್ಕ ಲೈನರ್ ನಡುಗಿ ಸಣ್ಣ ಸಣ್ಣ ಆವಿ ಗುಳ್ಳಿ ಹುಟ್ಟಿ ಒಡೀತಾವ, ಒಡದಾಗೆಲ್ಲಾ ಕಬ್ಬಿಣ ಕಿತ್ಕೊಂಡು ಹೋಗ್ತಾವ. ಡೀಸೆಲ್ ಕೂಲಂಟಿನ್ಯಾಗ ಇದನ್ನ ತಡ್ಯೋ ಕೆಮಿಕಲ್ ಇರ್ತೈತಿ, ಬೋರಿನ ನೀರಾಗ ಇರಂಗಿಲ್ಲ, ಮ್ಯಾಲೆ ಗಡಸು ನೀರಿನ ಸುಣ್ಣ ಬ್ಯಾರೆ ಕಟ್ಕೋತೈತಿ. ಇಳಕಲ್ ಗ್ರಾನೈಟ್ ಹೇರೋ ಗಾಡಿಗೆ ದಾರ್ಯಾಗಿನ ಬೋರ್ ನೀರು ಸುರವೋರು, ಕೂಲಂಟ್ ಡಬ್ಬಿ ರೊಕ್ಕ ಉಳೀತು ಅನಕೋತಾರ.

ಕ್ಯಾಪ್, ಕಂಪ್ರೆಸರ್, ಈಜಿಆರ್, ಆಯಿಲ್ ಕೂಲರ್ ಎಲ್ಲಾ ಸರಿ ಐತಿ, ಆದ್ರೂ ತಣ್ಣನ ಎಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ, ಇನ್ನೂ ಕಾಯೂದ್ರೊಳಗ, ಮ್ಯಾಲಿನ ಹೋಸ್ ಕಲ್ಲಾಗಾಕತ್ತೈತಿ ಅಂದ್ರ ಆವಾಗ ಹೆಡ್ ಇಳಸ್ರಿ. ಇಳಸಿದ ಮ್ಯಾಲೆ ಬರೇ ಗ್ಯಾಸ್ಕೆಟ್ ಹಾಕಿ ಕೂಡಸಬ್ಯಾಡ್ರಿ, ಹೆಡ್ಡಿಗೆ ಕ್ರ್ಯಾಕ್ ಐತೇನು, ಲೈನರ್ ಬ್ಲಾಕ್ ಮ್ಯಾಲೆ ಕಂಪನಿ ಹೇಳಿದಷ್ಟ ಎತ್ರ ಅದಾವೇನು ಡಯಲ್ ಗೇಜ್ ಇಟ್ಟು ನೋಡ್ಸ್ರಿ, ಒಂದು ಲೈನರ್ ಕುಸ್ದಿದ್ರೂ ಹೊಸ ಗ್ಯಾಸ್ಕೆಟ್ ಅದ ಜಾಗದಾಗ ಮತ್ತ ಹೋಗ್ತೈತಿ.