ಗೊಡ್ಡು ನಿಂತ ದಿನಗಳ ಲೆಕ್ಕ

ಏಪ್ರಿಲ್ ಕೊನೆಯ ವಾರ ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಕರೆ ಬಂದಿತ್ತು. ಆ ಮನೆಯವರು ಜನವರಿಯಲ್ಲಿ ಸಾಲ ಮಾಡಿ, ಕೋಲಾರದ ಕಡೆಯಿಂದ ದಲ್ಲಾಳಿಯ ಮೂಲಕ ಎರಡು ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ಎಚ್‌ಎಫ್ ಆಕಳುಗಳನ್ನು ತಂದಿದ್ದರು. ಬಂದ ಹೊಸದರಲ್ಲಿ ಒಂದೊಂದೂ ದಿನಕ್ಕೆ 18 ಲೀಟರ್ ಕರೆಯುತ್ತಿತ್ತಂತೆ. ನಾನು ಹೋದಾಗ 8 ಲೀಟರಿಗೆ ಬಂದು ನಿಂತಿತ್ತು. ತಗ್ಗಾದ ತಗಡಿನ ಶೆಡ್ಡಿನ ಕೆಳಗೆ ಎರಡೂ ಬಾಯಿ ತೆರೆದು, ಜೊಲ್ಲು ಸುರಿಸುತ್ತ ಏದುಸಿರು ಬಿಡುತ್ತಿದ್ದವು. ಗ್ವಾದಲಿಯಲ್ಲಿದ್ದದ್ದು ನೆಲ್ಲುಹುಲ್ಲು ಮಾತ್ರ. "ಡಾಕ್ಟ್ರ, ಹಾಲು ಏರೂದಕ್ಕ ಒಂದು ಇಂಜೆಕ್ಷನ್ ಮಾಡ್ರಿ, ಇಲ್ಲಾಂದ್ರ ಟಾನಿಕ್ಕರ ಬರದು ಕೊಡ್ರಿ" ಎಂದು ಮನೆಯ ಯಜಮಾನರು ಕೇಳಿದರು. ಆ ಆಕಳುಗಳಿಗೆ ರೋಗವೇನೂ ಇರಲಿಲ್ಲ. ಸೆಕೆ ಮತ್ತು ಹಸಿವು, ಇವೆರಡಕ್ಕೆ ನನ್ನ ಚೀಲದಲ್ಲಿ ಔಷಧವಿರಲಿಲ್ಲ.

ಆ ಯಜಮಾನರು ಆಕಳು ಕೊಂಡದ್ದು ತಪ್ಪು ಲೆಕ್ಕದಿಂದಲ್ಲ. ಹಾಲಿಗೆ ಬೇಡಿಕೆ ಇದೆ ಎಂಬ ಅವರ ಅಂದಾಜು ಸರಿಯಾಗಿಯೇ ಇತ್ತು. ಸಿಂಧನೂರು, ಗಂಗಾವತಿ, ಹೊಸಪೇಟೆಗಳಲ್ಲಿ ಇಪ್ಪತ್ತು ವರ್ಷದ ಹಿಂದೆ ಎಷ್ಟು ಚಹಾದ ಅಂಗಡಿಗಳಿದ್ದವು, ಈಗ ಎಷ್ಟಿವೆ ಎಂದು ಎಣಿಸಿದವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ, ಕೊಪ್ಪಳದ ಪಕ್ಕದ ಗಿಣಿಗೇರಿಯ ಸುತ್ತ ನೆಲೆಸಿದ ಕೂಲಿಕಾರರು, ನೌಕರರು ಹಾಲನ್ನು ಪ್ಯಾಕೆಟ್ಟಿನಲ್ಲೇ ಕೊಳ್ಳಬೇಕು. ಊರಿನಲ್ಲಿದ್ದಾಗ ಮನೆಯ ಎಮ್ಮೆಯ ಮಜ್ಜಿಗೆ ಕುಡಿದವರೇ ಪಟ್ಟಣಕ್ಕೆ ಬಂದಮೇಲೆ ಮೊಸರನ್ನು ದುಡ್ಡು ಕೊಟ್ಟು ತರುತ್ತಾರೆ.

ಇದು ನಮ್ಮ ಕಡೆಯ ಕಥೆಯಷ್ಟೇ ಅಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಕೈಗೆ ನಾಲ್ಕು ಕಾಸು ಹೆಚ್ಚು ಬಂದಾಗ ಜನ ಅನ್ನ-ರೊಟ್ಟಿಯನ್ನು ಹೆಚ್ಚು ಉಣ್ಣುವುದಿಲ್ಲ. ಹಾಲು, ಮೊಟ್ಟೆ, ಮಾಂಸಗಳ ಕಡೆಗೆ ತಿರುಗುತ್ತಾರೆ. ಕಳೆದ ಶತಮಾನದ ಕೊನೆಯಲ್ಲಿ ಅರ್ಥಶಾಸ್ತ್ರಜ್ಞರು ಇದನ್ನು ಪಶುಸಂಪತ್ತಿನ ಕ್ರಾಂತಿ ಎಂದು ಕರೆದರು. ಹಸಿರು ಕ್ರಾಂತಿಯನ್ನು ಬೀಜ, ಗೊಬ್ಬರ, ಕಾಲುವೆಯ ನೀರು ಮುಂದಕ್ಕೆ ತಳ್ಳಿದವು. ಈ ಕ್ರಾಂತಿಯನ್ನು ಎಳೆಯುತ್ತಿರುವುದು ಕೊಳ್ಳುವವನ ಕಿಸೆ. ಅದರಲ್ಲಿಯೂ ಹಾಲಿನದು ಒಂದು ವಿಶೇಷ. ಜಗತ್ತಿನಲ್ಲಿ ಕರೆದ ಹಾಲಿನ ಹತ್ತನೆಯ ಒಂದು ಪಾಲು ಕೂಡ ದೇಶದ ಗಡಿ ದಾಟುವುದಿಲ್ಲ, ದಾಟುವುದೂ ಬಹುಮಟ್ಟಿಗೆ ಪುಡಿ, ಬೆಣ್ಣೆ, ಚೀಸ್ ರೂಪದಲ್ಲಿ. ಆದ್ದರಿಂದ ಬೇಡಿಕೆ ಎಲ್ಲಿ ಹುಟ್ಟುತ್ತದೆಯೋ ಹೆಚ್ಚುಕಡಿಮೆ ಅಲ್ಲಿಯೇ ಯಾರೋ ಒಬ್ಬರು ಆ ಹಾಲನ್ನು ಕರೆಯಬೇಕಾಗುತ್ತದೆ.

ಕರೆಯುವ ದಾರಿ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಕೆನ್ಯಾದ ಎತ್ತರದ ತಂಪು ಜಿಲ್ಲೆಗಳಲ್ಲಿ ಒಂದೆರಡು ಆಕಳು ಕಟ್ಟಿದ ಸಣ್ಣ ರೈತರೇ ದೇಶದ ಹಾಲಿನ ಬಹುಪಾಲನ್ನು ಕೊಡುತ್ತಾರೆ. ನೇಪಿಯರ್ ಹುಲ್ಲನ್ನು ಬದುವಿನಲ್ಲಿ ಬೆಳೆದು, ಕೊಯ್ದು ತಂದು ಕೊಟ್ಟಿಗೆಯಲ್ಲೇ ಹಾಕುತ್ತಾರೆ. ಚೀನಾ ಅವಸರದಲ್ಲಿ ಬೆಳೆಯಿತು. 2008ರಲ್ಲಿ ಹಾಲಿಗೆ ಮೆಲಮೈನ್ ಬೆರೆಸಿದ ಹಗರಣ ಹೊರಬಿದ್ದು, ಸುಮಾರು ಮೂರು ಲಕ್ಷ ಕೂಸುಗಳು ಕಾಯಿಲೆ ಬಿದ್ದು, ಆರು ಕೂಸುಗಳು ಸತ್ತಮೇಲೆ, ಆ ದೇಶ ಸಾವಿರಾರು ಆಕಳುಗಳ ದೊಡ್ಡ ಡೈರಿಗಳ ಕಡೆಗೆ ಹೊರಳಿತು. ಆ ಡೈರಿಗಳಿಗೆ ಬೇಕಾದ ಕುದುರೆಮಸಾಲೆ ಸೊಪ್ಪಿನ ಒಣಮೇವು ಹಡಗಿನಲ್ಲಿ ಅಮೆರಿಕದಂಥ ದೂರದ ದೇಶಗಳಿಂದಲೂ ಬರುತ್ತದೆ. ಆಕಳು ಇಲ್ಲಿ, ಅದರ ಹೊಲ ಸಮುದ್ರದ ಆಚೆ. ಮೇವಿನ ಪ್ರಶ್ನೆ ಬಿಟ್ಟು ಹಾಲಿನ ಮಾತಾಡುವವರಿಗೆ ನಾನು ಈ ಉದಾಹರಣೆಯನ್ನು ಹೇಳುವುದುಂಟು.

ಭಾರತದ ದಾರಿ ಕೆನ್ಯಾಕ್ಕೆ ಹತ್ತಿರ, ಗಾತ್ರದಲ್ಲಿ ಮಾತ್ರ ಹೋಲಿಕೆಯಿಲ್ಲ. 1950–51ರಲ್ಲಿ 1.7 ಕೋಟಿ ಟನ್ ಇದ್ದ ಉತ್ಪಾದನೆ 2023–24ರಲ್ಲಿ 23.9 ಕೋಟಿ ಟನ್ ಆಗಿದೆ. ತಲೆಗೆ ದಿನಕ್ಕೆ 471 ಗ್ರಾಂ. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಯೋಜನೆ, ಅದರ ಹಿಂದಿದ್ದ ವರ್ಗೀಸ್ ಕುರಿಯನ್, ಆಣಂದದ ಸಹಕಾರ ಮಾದರಿ, ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿಗಳು. ಆ ಮಾದರಿಯ ಹೆಚ್ಚುಗಾರಿಕೆ ಇದ್ದದ್ದು ಹಾಲು ಕೊಳ್ಳುವುದರಲ್ಲಿ: ಎರಡು ಲೀಟರ್ ತಂದವಳಿಗೂ ಇಪ್ಪತ್ತು ಲೀಟರ್ ತಂದವನಿಗೂ ಫ್ಯಾಟ್ ನೋಡಿ ಒಂದೇ ದರ, ವರ್ಷದ ಎಲ್ಲ ದಿನ, ಎರಡು ಹೊತ್ತು. ಕರ್ನಾಟಕದಲ್ಲಿ ಇದು ಚೆನ್ನಾಗಿ ಬೇರು ಬಿಟ್ಟಿತು. 2024ರಲ್ಲಿ ಕರ್ನಾಟಕ ಹಾಲು ಮಹಾಮಂಡಳದ, ಅಂದರೆ ಕೆಎಂಎಫ್‌ನ ದಿನದ ಸಂಗ್ರಹ 1 ಕೋಟಿ ಲೀಟರ್ ದಾಟಿತು. ಆದರೆ ಆ ಕೋಟಿಯಲ್ಲಿ ದೊಡ್ಡ ಪಾಲು ಬೆಂಗಳೂರು, ಕೋಲಾರ, ಹಾಸನ, ತುಮಕೂರು, ಮಂಡ್ಯಗಳ ಸುತ್ತಿನದು. ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ನಾಲ್ಕೂ ಜಿಲ್ಲೆ ಸೇರಿದ ನಮ್ಮ ರಾಬಕೊವಿ ಹಾಲು ಒಕ್ಕೂಟ ಅವುಗಳ ಮುಂದೆ ಚಿಕ್ಕದು.

ಏಕೆ ಚಿಕ್ಕದು ಎಂದು ಕೇಳಿದರೆ ಹೆಚ್ಚಿನವರು ಬರಗಾಲದ ನಾಡು ಎಂದು ಕೈ ಚೆಲ್ಲುತ್ತಾರೆ. ಸೇವೆಯ ಬಹುಪಾಲನ್ನು ಇಲ್ಲಿಯೇ ಕಳೆದ ನನಗೆ ಈ ಉತ್ತರ ಅರ್ಧ ಮಾತ್ರ ಸರಿ ಎನಿಸುತ್ತದೆ. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯೂ ಇಲ್ಲ, ದೊಡ್ಡ ಕಾಲುವೆಯೂ ಇಲ್ಲ. ನಮ್ಮಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು 1953ರಿಂದ ಹರಿಯುತ್ತಿದೆ. ಆ ನೀರು ಬಂದಲ್ಲಿ ನೆಲ್ಲು ಬಂತು, ನೆಲ್ಲು ಬಂದಲ್ಲಿ ಜೋಳ ಹೋಯಿತು, ಜೋಳದ ಜೊತೆಗೆ ಅದರ ದಂಟಿನ ಮೇವಾದ ಕಣಿಕೆ ಹೋಯಿತು. ಕಾಲುವೆ ಮುಟ್ಟದ ಯರೆ ಹೊಲಗಳಲ್ಲಿಯೂ ಹಿಂಗಾರಿ ಬಿಳಿಜೋಳದ ಜಾಗವನ್ನು ಕಡಲೆ, ಹತ್ತಿ ಹಿಡಿದಿವೆ. ಹಿಂದೆ ಮಾಲದಂಡಿ ಜೋಳವನ್ನು ರೈತರು ಆರಿಸಿಕೊಳ್ಳುತ್ತಿದ್ದದ್ದು ಕಾಳಿಗೆಷ್ಟೋ ಅದರ ಸಿಹಿ ಕಣಿಕೆಗೂ ಅಷ್ಟೇ. ಮನೆಯ ಹಿಂದೆ ಬಣವಿ ಎಷ್ಟು ಎತ್ತರವಿದೆ ಎಂದು ನೋಡಿ ಹೆಣ್ಣು ಕೊಡುತ್ತಿದ್ದ ಕಾಲ ನನ್ನ ತಂದೆಯವರ ನೆನಪಿನಲ್ಲಿ ಇತ್ತು.

ಈಗ ಗಂಗಾವತಿ, ಸಿರುಗುಪ್ಪ, ಸಿಂಧನೂರುಗಳಲ್ಲಿ ಹುಲ್ಲಿಗೆ ಕೊರತೆಯಿಲ್ಲ. ಕಟಾವಿನ ಯಂತ್ರ ಹೋದಮೇಲೆ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿ ಹಚ್ಚುವಷ್ಟು ಸಮೃದ್ಧಿ ಇದೆ. ಅಲ್ಲಿಂದ ಐವತ್ತು ಮೈಲಿಯೊಳಗೆ ಕುಷ್ಟಗಿಯಲ್ಲೋ ದೇವದುರ್ಗದಲ್ಲೋ ಮೇವಿಲ್ಲದೆ ಎಮ್ಮೆ ಮಾರುತ್ತಾರೆ. ಆದರೆ ನೆಲ್ಲುಹುಲ್ಲೊಂದನ್ನೇ ತಿಂದ ದನ ಹಾಲು ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ಅದರಲ್ಲಿ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಭಾಗ ಮಾತ್ರ. ಸಿಲಿಕಾ ಹೆಚ್ಚು, ಜೀರ್ಣವಾಗುವುದು ತಡ. ಅದರಲ್ಲಿರುವ ಆಕ್ಸಲೇಟ್ ಮೇವಿನ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡು ದನಕ್ಕೆ ಸಿಗದಂತೆ ಮಾಡುತ್ತದೆ. ಹೊಟ್ಟೆ ತುಂಬಿ, ಮೈ ಖಾಲಿ ಇರುವ ಸ್ಥಿತಿ ಅದು.

ಇದಕ್ಕೆ ಬಹಳ ಹಿಂದಿನಿಂದ ತಿಳಿದಿರುವ ಉಪಾಯವೊಂದಿದೆ. 4 ಕಿಲೊ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, 100 ಕಿಲೊ ಒಣಹುಲ್ಲಿನ ಮೇಲೆ ಪದರ ಪದರವಾಗಿ ಚಿಮುಕಿಸಿ, ತುಳಿದು, ತಾಡಪತ್ರಿಯಿಂದ ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಟ್ಟರೆ ಹುಲ್ಲು ಮೆತ್ತಗಾಗುತ್ತದೆ, ಪ್ರೋಟೀನಿನ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೆಗೆದ ಹುಲ್ಲನ್ನು ವಾಸನೆ ಹೋಗುವವರೆಗೆ ಆರಲು ಬಿಟ್ಟು ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಯೂರಿಯಾ ನೀರನ್ನು ದನ ಕುಡಿಯದಂತೆ ಜೋಪಾನ ಮಾಡಬೇಕು, ಕುಡಿದರೆ ಸಾಯುತ್ತದೆ. ನಾನು ಇದನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಮಾಡಿದವರನ್ನು ಬೆರಳಲ್ಲಿ ಎಣಿಸಬಹುದು. ಒಮ್ಮೆ ಕಾರಟಗಿಯ ಹತ್ತಿರ ಒಬ್ಬ ತಾಯಿ, "ನೀವು ಹೇಳೂದು ಖರೆ ಐತ್ರಿ ಸರ, ಆ ಐವತ್ತು ಲೀಟರ್ ನೀರು ಹೊರಾಕಿ ಯಾರು?" ಎಂದು ಕೇಳಿದರು. ಸಭೆಯ ಮುಂದಿನ ಸಾಲಿನಲ್ಲಿ ಕುಳಿತವರೆಲ್ಲ ಗಂಡಸರು, ಪಾಸ್‌ಬುಕ್ಕೂ ಅವರ ಹೆಸರಿನಲ್ಲಿ; ಮೇವು, ನೀರು, ಸಗಣಿ, ಹಾಲು ಹಿಂಡುವುದು ಆಕೆಯ ಪಾಲು. ಅಂದಿನಿಂದ ನಾನು ಹೆಣ್ಣುಮಕ್ಕಳು ಬಾರದ ಸಭೆಯಲ್ಲಿ ಮೇವಿನ ಮಾತನ್ನು ಎತ್ತುವುದಿಲ್ಲ. ಬೋರಿನ ಅಥವಾ ಕಾಲುವೆಯ ನೀರಿದ್ದವರಿಗೆ ಹತ್ತು ಗುಂಟೆ ನೇಪಿಯರ್ ಹಚ್ಚಲು ಹೇಳುತ್ತೇನೆ, ಎರಡು ದನಕ್ಕೆ ವರ್ಷವಿಡೀ ಹಸಿಮೇವಿಗೆ ಅದು ಸಾಕು, ಹೊರುವ ನೀರೂ ಉಳಿಯುತ್ತದೆ.

ಇನ್ನು ತಳಿಯ ವಿಚಾರ. ಎಚ್‌ಎಫ್ ಆಕಳಿನ ಮೈ ಯುರೋಪಿನ ತಂಪಿಗೆ ಒಗ್ಗಿದ್ದು. 25 ಡಿಗ್ರಿ ದಾಟಿದರೆ ಅದಕ್ಕೆ ಕಸಿವಿಸಿ ಶುರುವಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಪಾದರಸ 40 ದಾಟುವುದು ಮಾಮೂಲು. ಮೇವು ಜೀರ್ಣವಾಗುವಾಗ ಹೊಟ್ಟೆಯೇ ಒಲೆಯಂತೆ ಕಾಯುವುದರಿಂದ, ದನ ತಾನಾಗಿ ತಿನ್ನುವುದನ್ನು ಕಡಿಮೆ ಮಾಡುತ್ತದೆ, ಅದರ ಹಿಂದೆಯೇ ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದು ತಪ್ಪುತ್ತದೆ. ಎಚ್‌ಎಫ್ ಸಾಕಲೇಬಾರದು ಎಂದು ನಾನು ಹೇಳುವವನಲ್ಲ. ಎತ್ತರದ ಮಾಡು, ತಗಡಿನ ಮೇಲೆ ಸೋಗೆ ಇಲ್ಲವೆ ಸುಣ್ಣ, ಮೇವನ್ನು ಸಂಜೆಯಿಂದ ಬೆಳಗಿನ ಜಾವದವರೆಗೆ ಹಾಕುವುದು, ದಿನವಿಡೀ ಎದುರಿಗೆ ನೀರು, ಇಷ್ಟನ್ನು ಮಾಡುವವರು ಸಾಕಲಿ. ಉಳಿದವರಿಗೆ ಜರ್ಸಿ ಮಿಶ್ರತಳಿಯೋ ಎಮ್ಮೆಯೋ ಮೇಲು. ಎಮ್ಮೆಗೂ ಬಿಸಿಲು ಆಗದು, ಕಪ್ಪು ತೊಗಲು, ಬೆವರಿನ ಗ್ರಂಥಿ ಕಡಿಮೆ. ಆದರೆ ಕೆರೆಯಲ್ಲಿ ಬಿದ್ದುಕೊಂಡರೆ ಅಥವಾ ಎರಡು ಹೊತ್ತು ಮೈಮೇಲೆ ನೀರು ಸುರಿದರೆ ಅದು ಬೇಸಿಗೆಯನ್ನು ದಾಟಿಸುತ್ತದೆ, ಒರಟು ಮೇವನ್ನು ಆಕಳಿಗಿಂತ ಚೆನ್ನಾಗಿ ಅರಗಿಸುತ್ತದೆ, ಹಾಲಿನಲ್ಲಿ ನೂರಕ್ಕೆ 6ರಿಂದ 8ರಷ್ಟು ಫ್ಯಾಟ್ ಕೊಡುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೊಂದಿದೆ. ಬೇಡಿಕೆ ಹೆಚ್ಚಿದಾಗ ನಮ್ಮವರಿಗೆ ಹೊಳೆಯುವುದು ಇನ್ನೊಂದು ಎಮ್ಮೆ ಕೊಳ್ಳುವುದು. ಸರ್ಕಾರದ ಯೋಜನೆಗಳೂ ಬಹಳಷ್ಟು ಸಲ ಅದಕ್ಕೇ ಸಬ್ಸಿಡಿ ಕೊಡುತ್ತವೆ. ಕಟ್ಟಿದ ಎಮ್ಮೆ ಹಾಲು ಕೊಡದೆ ಗೊಡ್ಡು ನಿಂತ ದಿನಗಳನ್ನು ಯಾರೂ ಎಣಿಸುವುದಿಲ್ಲ. ಒಂದು ಲೆಕ್ಕ ನೋಡೋಣ. ಸರಾಸರಿ 5 ಲೀಟರಿನಂತೆ 280 ದಿನ ಕರೆಯುವ ಎಮ್ಮೆ ಒಂದು ಸೂಲಿಗೆ 1,400 ಲೀಟರ್ ಕೊಡುತ್ತದೆ. ಅದು 14 ತಿಂಗಳಿಗೊಮ್ಮೆ ಈದರೆ, ಅಂದರೆ ಸುಮಾರು 425 ದಿನಕ್ಕೆ, ಕರೆದ ದಿನ ಕರೆಯದ ದಿನ ಎರಡನ್ನೂ ಸೇರಿಸಿ ದಿನಕ್ಕೆ 3.3 ಲೀಟರ್ ಬಿತ್ತು. ನಮ್ಮ ಕಡೆ ಸಾಮಾನ್ಯವಾಗಿ ಕಾಣುವಂತೆ 18 ತಿಂಗಳಿಗೊಮ್ಮೆ ಈದರೆ ಅದೇ ಹಾಲು 545 ದಿನಕ್ಕೆ ಹಂಚಿ ಹೋಗಿ 2.6 ಲೀಟರಿಗೆ ಬರುತ್ತದೆ. ಎಮ್ಮೆ ಅದೇ, ತಳಿ ಅದೇ, ಕೆಚ್ಚಲು ಅದೇ. ಆದರೆ ಸೂಲಿನ ಅಂತರ ಕಡಿಮೆ ಮಾಡಿದವನಿಗೆ ಕಾಲುಭಾಗಕ್ಕಿಂತ ಹೆಚ್ಚು ಹಾಲು ಉಳಿಯಿತು. ನಾಲ್ಕು ಎಮ್ಮೆ ಇದ್ದವರು ಐದನೆಯದನ್ನು ದುಡ್ಡು ಕೊಡದೆ ಕೊಂಡ ಹಾಗೆ. ಗೊಡ್ಡು ನಿಂತ ದಿನವೂ ಎಮ್ಮೆ ಮೇವು ತಿನ್ನುತ್ತದೆ ಎಂಬುದನ್ನು ಈ ಲೆಕ್ಕದಲ್ಲಿ ನಾನು ಹಿಡಿದೇ ಇಲ್ಲ.

ಎಮ್ಮೆಯ ಗಬ್ಬದ ಕಾಲ ಸುಮಾರು 310 ದಿನ. 14 ತಿಂಗಳಿಗೆ ಈಯಬೇಕಾದರೆ ಈದ 115 ದಿನದೊಳಗೆ ಗಬ್ಬ ಕಟ್ಟಬೇಕು. ಇಲ್ಲಿಯೇ ತೊಡಕು. ಆಕಳು ಬೆದೆಗೆ ಬಂದರೆ ಓಣಿಗೆಲ್ಲ ಕೇಳುವಂತೆ ಒದರುತ್ತದೆ. ಎಮ್ಮೆ ಬಹಳ ಸಲ ಸುಮ್ಮನೆ ಬೆದೆಗೆ ಬರುತ್ತದೆ, ಅದೂ ರಾತ್ರಿಯಲ್ಲಿ ಅಥವಾ ನಸುಕಿನಲ್ಲಿ. ಬೇಸಿಗೆಯಲ್ಲಂತೂ ಗುರುತೇ ಸಿಗುವುದಿಲ್ಲ. ಒಂದು ಸಲ ತಪ್ಪಿದರೆ 21 ದಿನ ಹೋಯಿತು, ಎರಡು ಸಲ ತಪ್ಪಿದರೆ ಒಂದೂವರೆ ತಿಂಗಳು. ಇಂಥ ಎಮ್ಮೆಯನ್ನು ಎಂಟನೆಯ ತಿಂಗಳಲ್ಲಿ ನಮ್ಮ ಬಳಿ ತಂದು "ಗಬ್ಬ ನಿಲ್ಲವಲ್ದು" ಎನ್ನುತ್ತಾರೆ. ಪರೀಕ್ಷೆ ಮಾಡಿ ನೋಡಿದರೆ ಎಷ್ಟೋ ಎಮ್ಮೆಗಳ ಗರ್ಭಕೋಶ ಸರಿಯಾಗಿಯೇ ಇರುತ್ತದೆ, ಬೆದೆ ಕಂಡವರಿರುವುದಿಲ್ಲ. ಇನ್ನು ಕೆಲವಕ್ಕೆ ಖನಿಜದ ಕೊರತೆಯಿಂದ ಬೆದೆಯೇ ನಿಂತಿರುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣದ ಖರ್ಚು ಕೆಲವೇ ರೂಪಾಯಿ, ಆದರೂ ಹತ್ತಿಕಾಳು ಹಿಂಡಿಗೆ ಧಾರಾಳವಾಗಿ ಸುರಿಯುವ ರೈತ ಇದನ್ನು ಕೊಳ್ಳಲು ಹಿಂದೆಮುಂದೆ ನೋಡುತ್ತಾನೆ.

ಖಾಲಿ ದಿನಗಳು ಇನ್ನೂ ಮೊದಲೇ, ಒಮ್ಮೆಯೂ ಈಯದ ಮಣಕದಲ್ಲಿಯೇ ಶುರುವಾಗುತ್ತವೆ. ಹಾಲು ಮಾರುವ ಆಸೆಯಲ್ಲಿ ಕರುವಿಗೆ ಬಿಡುವ ಹಾಲನ್ನು ಕಡಿಮೆ ಮಾಡುತ್ತಾರೆ. ಹುಟ್ಟಿದ ಹತ್ತು-ಹದಿನೈದು ದಿನಕ್ಕೆ ಕೊಡಬೇಕಾದ ಜಂತುಹುಳುವಿನ ಔಷಧ ತಪ್ಪುತ್ತದೆ. ಎಮ್ಮೆಕರುಗಳಲ್ಲಿ ದುಂಡುಹುಳು ತಾಯಿಯ ಹಾಲಿನಿಂದಲೇ ಬರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಕರು ಸತ್ತರೆ ತಾಯಿ ಸೊರೆ ಬಿಡುವುದಿಲ್ಲ, ಆಗ ದಿನಾ ಸಂಜೆ ಹಾಲಿಳಿಸುವ ಸೂಜಿ ಚುಚ್ಚುವ ಕೆಟ್ಟ ಚಾಳಿ ಶುರುವಾಗುತ್ತದೆ. ಕರು ಬದುಕಿದರೂ ಬಡಕಲಾಗಿ ಬೆಳೆದು ನಾಲ್ಕನೆಯ ವರ್ಷಕ್ಕೋ ಐದಕ್ಕೋ ಮೊದಲ ಸೂಲು ಕಾಣುತ್ತದೆ. ಚೆನ್ನಾಗಿ ಮೇಯಿಸಿದ ಮಣಕ ಮೂರೂವರೆಗೆ ಈಯುತ್ತದೆ.

ದರದ ಮಾತು ನನ್ನ ವಿಷಯವಲ್ಲ, ಆದರೂ ಒಂದನ್ನು ಹೇಳಬೇಕು. ಎಮ್ಮೆಗಳು ಹೆಚ್ಚಾಗಿ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಈಯುವುದರಿಂದ ಹಾಲು ತುಂಬಿ ಹರಿಯುವುದು ಚಳಿಯಲ್ಲಿ. ಮೊಸರು, ಮಜ್ಜಿಗೆಗೆ ಬೇಡಿಕೆ ಏರುವುದು ಬೇಸಿಗೆಯಲ್ಲಿ. ಚಳಿಯ ಹೆಚ್ಚುವರಿ ಹಾಲು ಪುಡಿಯಾಗುತ್ತದೆ, ಪುಡಿಯ ಬೆಲೆ ಬಿದ್ದರೆ ರೈತನ ದರವೂ ಅಲುಗಾಡುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಆ ಪುಡಿಗೆ ಶಾಲೆಯ ಮಕ್ಕಳ ಲೋಟದಲ್ಲಿ ಜಾಗ ಕೊಟ್ಟದ್ದು ಜಾಣತನದ ಕೆಲಸ. ಆದರೆ ಮಾರ್ಚ್‌ನಿಂದ ಜೂನ್‌ವರೆಗೆ ಹಾಲು ಕರೆಯಬಲ್ಲ ಮನೆಗೆ ಮಾರುಕಟ್ಟೆ ಕಾದು ಕುಳಿತಿರುತ್ತದೆ, ಅದಕ್ಕೆ ಬೇಸಿಗೆಗೆಂದು ಕೂಡಿಟ್ಟ ಮೇವು ಬೇಕು.

ಸಿಂಧನೂರಿನ ಆ ಮನೆಗೆ ಶ್ರಾವಣದಲ್ಲಿ ಇನ್ನೊಮ್ಮೆ ಹೋಗಿದ್ದೆ. ಒಂದು ಆಕಳನ್ನು ನಷ್ಟಕ್ಕೆ ಮಾರಿ ಸಾಲದ ಕಂತು ಕಟ್ಟಿದ್ದರು. ಇನ್ನೊಂದು ಹಸಿಮೇವು ಸಿಕ್ಕು 12 ಲೀಟರಿಗೆ ಏರಿತ್ತು. ಪಕ್ಕದಲ್ಲಿ ಊರಿನಲ್ಲೇ ಕೊಂಡ, ಎರಡನೆಯ ಸೂಲಿನ ಒಂದು ಎಮ್ಮೆ ಇತ್ತು, ಈದು ಎರಡು ತಿಂಗಳು. ಮನೆಯ ಸೊಸೆ ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಗೆರೆ ಎಳೆದಿದ್ದಳು. ಅಂದು ನಸುಕಿನಲ್ಲಿ ಎಮ್ಮೆಯ ಹಿಂದೆ ಲೋಳೆ ಕಂಡಿತ್ತಂತೆ, ಗಂಡಸರು ಊರಲ್ಲಿರಲಿಲ್ಲವಂತೆ. ಅಲ್ಲಿಂದ 21 ದಿನ ಎಣಿಸಿ ಮುಂದಿನ ತಾರೀಖಿಗೆ ಇನ್ನೊಂದು ಗೆರೆ ಹಾಕಿಸಿದೆ, ಹಿಂದೆಮುಂದೆ ಎರಡೆರಡು ದಿನ ನಸುಕಿನಲ್ಲಿ ಎದ್ದು ನೋಡಲು ಹೇಳಿದೆ. ಬೆಳಿಗ್ಗೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆಯ ಸೂಜಿ ಹಾಕಿಸಬೇಕು. ಫೋನ್ ನಂಬರನ್ನು ಯಜಮಾನರ ಬದಲಿಗೆ ಆಕೆಯ ಮೊಬೈಲಿನಲ್ಲಿಯೇ ಬರೆಸಿ ಬಂದೆ.