ಸಾಮಾನ್ಯ ಮಾತಿಗೂ ಟ್ರೇಡ್‌ಮಾರ್ಕ್: ನೋಟಿಸ್ ಬಂದ ಕೂಡಲೇ ಡೊಮೈನ್ ಬಿಟ್ಟುಕೊಡಬೇಡಿ

ವೆಬ್‌ಸೈಟಿನ ಹೆಸರು ತಮ್ಮದು ಅಂತ ಬರುವ ವಕೀಲರ ನೋಟಿಸುಗಳ ಒಕ್ಕಣೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. 'ಈ ಹೆಸರು ನಮ್ಮ ಕಕ್ಷಿದಾರರ ನೋಂದಾಯಿತ ಟ್ರೇಡ್‌ಮಾರ್ಕ್. ಏಳು ದಿನದೊಳಗೆ ವೆಬ್‌ಸೈಟ್ ಮುಚ್ಚಿ, ಡೊಮೈನ್ ನಮಗೆ ವರ್ಗಾಯಿಸಿ. ತಪ್ಪಿದರೆ ದಾವೆ ಹೂಡುತ್ತೇವೆ.' ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬರುವವರು ದೊಡ್ಡ ಕಂಪನಿಯವರಲ್ಲ. ಬಸವನಗುಡಿಯಲ್ಲಿ ಹಪ್ಪಳ, ಚಟ್ನಿಪುಡಿ ಮಾಡಿ ಮಾರುವವರು, ವಿಜಯನಗರದಲ್ಲಿ ಪಿಜಿ ರೂಮ್ ಹುಡುಕಿಕೊಡುವವರು. ಅವರ ಡೊಮೈನ್, ಅಂದರೆ ವೆಬ್‌ಸೈಟಿನ ಹೆಸರು, 'ಮನೆ ತಿಂಡಿ', 'ಬಾಡಿಗೆ ಮನೆ' ಥರದ್ದು. ನಾವೆಲ್ಲ ದಿನಾ ಆಡುವ ಮಾತು ಅಲ್ವಾ? ಅದು ಒಬ್ಬರ ಸ್ವತ್ತು ಹೇಗಾಯಿತು ಅಂತ ಅವರಿಗೂ ಅರ್ಥವಾಗಿರುವುದಿಲ್ಲ. ಆದರೂ ಹೆದರಿಕೆ. 'ಬಿಟ್ಟುಕೊಟ್ಟುಬಿಡೋಣ ಸಾರ್' ಅನ್ನುತ್ತಾರೆ.

ಬೇಡ. ಮೊದಲು ನೋಂದಣಿ ಸಂಖ್ಯೆ ನೋಡಿ. ನೋಟಿಸಿನಲ್ಲಿ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿ ಹುಡುಕಲು ದುಡ್ಡು ಕೊಡಬೇಕಿಲ್ಲ. ಎಷ್ಟೋ ಸಲ ಬರೀ ಅರ್ಜಿ ಹಾಕಿರುತ್ತಾರೆ, ನೋಂದಣಿ ಆಗಿರುವುದೇ ಇಲ್ಲ. ಹೆಸರಿನ ಪಕ್ಕ ಟಿಎಂ (ಟ್ರೇಡ್‌ಮಾರ್ಕ್) ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು. ನೋಂದಣಿ ಆಗದೆಯೇ ಆಗಿದೆ ಅಂತ ತೋರಿಸಿಕೊಳ್ಳುವುದು ಮಾತ್ರ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 107ರ ಪ್ರಕಾರ ದಂಡ ಬೀಳುವ ತಪ್ಪು.

ನೋಂದಣಿ ಆಗಿದ್ದರೆ, ಯಾವುದಕ್ಕೆ ಆಗಿದೆ ಅನ್ನುವುದು ಮುಂದಿನ ಪ್ರಶ್ನೆ. ಬರೀ ಪದಕ್ಕೋ, ಪದವಿರುವ ಲೋಗೋಗೋ? ನಾನು ಕಾಣುವುದು ಜಾಸ್ತಿ ಲೋಗೋಗಳನ್ನೇ. ಒಂದು ಎಲೆಯ ಚಿತ್ರ, ಹಸಿರು ಬಣ್ಣ, ಒಳಗೆ ಒಂದು ಸಾಮಾನ್ಯ ಮಾತು. ಅದೇ ಕಾಯ್ದೆಯ ಸೆಕ್ಷನ್ 17 ಹೇಳುವಂತೆ ಹಕ್ಕು ಸಿಗುವುದು ಇಡೀ ಗುರುತಿಗೆ. ಅದರೊಳಗಿನ, ವ್ಯಾಪಾರದಲ್ಲಿ ಎಲ್ಲರೂ ಬಳಸುವ ಮಾತಿಗಲ್ಲ. ನೋಟಿಸು ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ.

ಸರಕಿನ ಬಗೆ, ಗುಣ, ಊರು ಹೇಳುವ ಮಾತಿಗೆ ನೋಂದಣಿ ಕೊಡಬಾರದು ಅಂತ ಸೆಕ್ಷನ್ 9 ಹೇಳುತ್ತದೆ. ಒಂದು ಬಾಗಿಲು ಮಾತ್ರ ತೆರೆದಿದೆ: ವರ್ಷಾನುಗಟ್ಟಲೆ ಬಳಸಿ, ಆ ಮಾತು ಕೇಳಿದರೆ ಜನರಿಗೆ ಒಬ್ಬರೇ ನೆನಪಾಗುವಂತಾಗಿದ್ದರೆ ಕೊಡಬಹುದು. ಹಾಗೆ ಸಿಕ್ಕ ಹಕ್ಕಿಗೂ ಮಿತಿ ಇದೆ. ನಮ್ಮ ಊರಿನದೇ ಪ್ರಕರಣ ನೋಡಿ. ಕೆಎಂಎಫ್ 1985ರಿಂದ 'ನಂದಿನಿ' ಹಾಲು ಮಾರುತ್ತಿದೆ. ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ಆ ಹೆಸರು ಬಳಸುತ್ತಿದ್ದರು. ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2018ರಲ್ಲಿ ತೀರ್ಪು ಹೋಟೆಲಿನವರ ಕಡೆ ಬಂತು. ನಂದಿನಿ ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೋ ಹೊಸದಾಗಿ ಕಟ್ಟಿದ ಪದವಲ್ಲ ಎಂದಿತು ಕೋರ್ಟ್. ಹಾಲು ಬೇರೆ, ಹೋಟೆಲು ಬೇರೆ ಅಂತಲೂ ಹೇಳಿತು.

ಡೊಮೈನ್ ವಿಷಯದ ದೊಡ್ಡ ತೀರ್ಪೂ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೇ. ಸತ್ಯಂ ಇನ್ಫೋವೇ ತನ್ನ 'ಸಿಫಿ' ಹೆಸರಿಗಾಗಿ ಸಿಫಿನೆಟ್ ಸೊಲ್ಯೂಷನ್ಸ್ ಮೇಲೆ ಹೂಡಿದ ದಾವೆ ಅದು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆ ಇದೆ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೋಟಿಸುಗಳಲ್ಲಿ ಇದನ್ನೇ ಎತ್ತಿ ಹಾಕುತ್ತಾರೆ. ಆದರೆ 'ಸಿಫಿ' ಕಟ್ಟಿದ ಪದ, 'ಮನೆ ತಿಂಡಿ' ಅಲ್ಲ. 'ಶಾದಿ ಡಾಟ್ ಕಾಮ್' ನಡೆಸುವವರು 'ಸೆಕೆಂಡ್‌ಶಾದಿ ಡಾಟ್ ಕಾಮ್' ಮೇಲೆ ತಡೆಯಾಜ್ಞೆ ಕೇಳಿದಾಗ, 2016ರಲ್ಲಿ ಬಾಂಬೆ ಹೈಕೋರ್ಟ್ ಕೊಡಲಿಲ್ಲ. ಹಾಗಂತ ಸಾಮಾನ್ಯ ಪದವೆಲ್ಲ ಬಯಲು ಅಂತಲೂ ತಿಳಿಯಬೇಡಿ. 'ನೌಕರಿ ಡಾಟ್ ಕಾಮ್'ನ ಸ್ಪೆಲಿಂಗಿಗೆ ಒಂದು ಅಕ್ಷರ ಸೇರಿಸಿ ಡೊಮೈನ್ ಮಾಡಿದವರನ್ನು 2002ರಲ್ಲಿ ದೆಹಲಿ ಹೈಕೋರ್ಟ್ ತಡೆಯಿತು. ದಾರಿ ತಪ್ಪಿ ಬರುವ ಗಿರಾಕಿಯ ಮೇಲೆ ಕಣ್ಣಿಟ್ಟು ಹೆಸರು ಇಟ್ಟರೆ ಕೋರ್ಟು ಸುಮ್ಮನಿರುವುದಿಲ್ಲ.

ಡೊಮೈನ್ ಮಾಲೀಕರು ಸೋಲುವುದು ಹೆಚ್ಚಾಗಿ ಇನ್ನೊಂದು ಕಡೆ. 'ನಾನು ಮೊದಲೇ ಕೊಂಡಿದ್ದೆ' ಅನ್ನುತ್ತಾರೆ. ಕೊಂಡರೆ ಸಾಲದು, ಬಳಸಿರಬೇಕು. ಸೆಕ್ಷನ್ 34 ಕಾಪಾಡುವುದು ಎದುರಿನವರು ಬಳಸುವ ಮೊದಲು, ಅವರ ನೋಂದಣಿಯ ದಿನಕ್ಕೂ ಮೊದಲು, ಬಿಡದೆ ಬಳಸಿಕೊಂಡು ಬಂದವರನ್ನು. ಹಾಗಾಗಿ ಹಳೆಯ ಬಿಲ್ಲು, ಜಿಎಸ್‌ಟಿ ದಾಖಲೆ, ಜಾಹೀರಾತಿಗೆ ಕಟ್ಟಿದ ರಸೀದಿ, ವೆಬ್‌ಸೈಟಿನ ಹಳೆಯ ಪುಟದ ಪ್ರತಿ, ಯಾವುದನ್ನೂ ಎಸೆಯಬೇಡಿ.

ಕೋರ್ಟು ಬಿಟ್ಟರೆ ಇನ್ನೊಂದು ದಾರಿ ಡೊಮೈನ್ ವ್ಯಾಜ್ಯದ ಪಂಚಾಯ್ತಿ. ಡಾಟ್ ಕಾಮ್ ಆದರೆ ಯುಡಿಆರ್‌ಪಿ ಅನ್ನುವ ಅಂತರರಾಷ್ಟ್ರೀಯ ನಿಯಮ, ಡಾಟ್ ಇನ್ ಆದರೆ ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ನಿಯಮ. ಎರಡರಲ್ಲೂ ದೂರುದಾರರು ಮೂರು ಸಂಗತಿ ತೋರಿಸಬೇಕು: ಹೆಸರು ತಮ್ಮ ಗುರುತಿನಂತೆಯೇ ಇದೆ, ನಿಮಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ನಿಮ್ಮದು ದುರುದ್ದೇಶ. ಯುಡಿಆರ್‌ಪಿಯಲ್ಲಿ ದುರುದ್ದೇಶವನ್ನು ಕೊಂಡಾಗಲೂ ಬಳಸುವಾಗಲೂ ತೋರಿಸಬೇಕು. ಡಾಟ್ ಇನ್‌ಗೆ ಯಾವುದಾದರೂ ಒಂದು ಸಾಕು. ಚಟ್ನಿಪುಡಿ ಮಾರಲು ಚಟ್ನಿಪುಡಿ ಅನ್ನುವ ಡೊಮೈನ್ ಇಟ್ಟುಕೊಂಡವರ ಹಕ್ಕು ಗಟ್ಟಿ. ಆದರೆ ಯುಡಿಆರ್‌ಪಿಯಲ್ಲಿ ಉತ್ತರ ಕೊಡಲು 20 ದಿನ ಮಾತ್ರ. ಉತ್ತರ ಕೊಡದೆ ಕೂತರೆ ಎದುರಿನವರು ಹೇಳಿದ್ದಷ್ಟನ್ನೇ ನೋಡಿ ತೀರ್ಮಾನವಾಗುತ್ತದೆ.

ನನಗೆ ನಿಜಕ್ಕೂ ಸಂಕಟ ಆಗುವುದು ಇದು ಇಷ್ಟು ದೂರ ಬರುವುದನ್ನು ನೋಡಿ. ಪ್ರತಿ ಅರ್ಜಿಯೂ ನೋಂದಣಿಗೆ ಮೊದಲು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧಿಸಬಹುದು. ಆನ್‌ಲೈನ್ ಶುಲ್ಕ ಒಂದು ಕ್ಲಾಸಿಗೆ, ಅಂದರೆ ಸರಕು-ಸೇವೆಯ ಒಂದು ವರ್ಗಕ್ಕೆ, 2,700 ರೂಪಾಯಿ. ಬೆಂಗಳೂರಿಗೆ ಚೆನ್ನೈ ರಿಜಿಸ್ಟ್ರಿ ಅನ್ವಯಿಸಿದರೂ, ಅರ್ಜಿ ಹಾಕಲು ಅಲ್ಲಿಗೆ ಹೋಗಬೇಕಿಲ್ಲ. ಜರ್ನಲ್ ವಾರವಾರ ಬರುತ್ತದೆ, ನಮ್ಮ ವ್ಯಾಪಾರಿಗಳು ಅದನ್ನು ತೆರೆದೇ ನೋಡುವುದಿಲ್ಲ. ಗಡುವು ಮುಗಿದ ಮೇಲೆ ನೋಂದಣಿ ತೆಗೆಸಲು ಸೆಕ್ಷನ್ 57ರಡಿ ರಿಜಿಸ್ಟ್ರಿಗೋ ಹೈಕೋರ್ಟಿಗೋ ಹೋಗಬೇಕು. ಅದಕ್ಕೆ ಬಹಳ ಸಮಯ, ಬಹಳ ದುಡ್ಡು. ಹೋಟೆಲ್ ಮಾಲೀಕರ ಸಂಘ, ತಿಂಡಿ ತಯಾರಕರ ಸಂಘಗಳು ತಮ್ಮ ಕ್ಲಾಸಿನ ಪುಟಗಳನ್ನಾದರೂ ಓದಲು ಒಬ್ಬರನ್ನು ನೇಮಿಸಬೇಕು.

ನೋಟಿಸಿಗೆ ಉತ್ತರ ಬರೆಯುವಾಗ ಸೆಕ್ಷನ್ 142 ನೆನಪಿಸಿ. ಆಧಾರವಿಲ್ಲದೆ ಬೆದರಿಸಿದವರ ಮೇಲೆ ನೀವೇ ದಾವೆ ಹೂಡಿ ತಡೆಯಾಜ್ಞೆ, ಪರಿಹಾರ ಕೇಳಬಹುದು. ಬಳಕೆಯ ದಾಖಲೆಯೂ ಜೊತೆಗಿದ್ದರೆ ಉತ್ತರಕ್ಕೆ ತೂಕ ಬರುತ್ತದೆ. 'ಇಷ್ಟು ಲಕ್ಷ ಕೊಟ್ಟರೆ ಡೊಮೈನ್ ಕೊಡುತ್ತೇನೆ' ಅಂತ ಮಾತ್ರ ನೀವಾಗಿ ಬರೆಯಬೇಡಿ. ನಿಮ್ಮದು ದುರುದ್ದೇಶ ಅಂತ ತೋರಿಸಲು ಎದುರಿನವರು ಮೊದಲು ಹಾಜರುಪಡಿಸುವುದು ಆ ಇಮೇಲನ್ನೇ.