ಒಮ್ಮೆ ಸಿಕ್ಕ ರಕ್ಷಣೆ ಕೈತಪ್ಪಿ ಹೋಗುತ್ತದೆಯೇ?

ರಕ್ಷಣೆ, ಅಂದರೆ ಯೇಸುವಿನ ಮೂಲಕ ಪಾಪದಿಂದ ಸಿಗುವ ಬಿಡುಗಡೆ, ಹೊಂದಿದ ಕ್ರೈಸ್ತ ವಿಶ್ವಾಸಿ ಅದನ್ನು ಕಳೆದುಕೊಳ್ಳಬಹುದೇ? ಕೊಡಗಿನಲ್ಲಿ ಇದನ್ನು ಯಾರ ಹತ್ತಿರ ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಕ್ಯಾಥೋಲಿಕ್ ಫಾದರ್ ಪ್ರಕಾರ, ಘೋರ ಪಾಪ ಮಾಡಿದರೆ ಕೃಪೆ ಹೋಗುತ್ತದೆ, ಪಾಪನಿವೇದನೆ ಮಾಡಿದರೆ ಮತ್ತೆ ಸಿಗುತ್ತದೆ. ಪೆಂಟೆಕೋಸ್ಟ್ ಪಾಸ್ಟರ್ 'ಎಚ್ಚರ ತಪ್ಪಿದರೆ ಹೋಯ್ತು' ಅನ್ನುತ್ತಾರೆ. ಬ್ರದರನ್ ಸಭೆಯವರು ಹೋಗುವ ಮಾತೇ ಇಲ್ಲ ಅನ್ನುತ್ತಾರೆ. ಎಲ್ಲರ ಕೈಯಲ್ಲೂ ವಚನ ಇದೆ. 'ನನ್ನ ಕೈಯಿಂದ ಅವುಗಳನ್ನು ಯಾರೂ ಕಿತ್ತುಕೊಳ್ಳರು' ಎಂದು ಯೇಸು ತನ್ನ ಕುರಿಗಳ, ಅಂದರೆ ತನ್ನವರ, ಬಗ್ಗೆ ಹೇಳಿದ್ದು ಯೋಹಾನ 10ರಲ್ಲಿ. ಬೆಳಕು ಕಂಡ ಮೇಲೂ ಬಿದ್ದುಹೋದವರ ಬಗ್ಗೆ ಎದೆ ನಡುಗಿಸುವ ಎಚ್ಚರಿಕೆ ಇರುವುದು ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ.

ಜಗಳ ಜೋರಾಗಿದ್ದು ಒಂದು ಚೀಟಿಯಿಂದ. ಕ್ರಿ.ಶ. 250ರ ಹೊತ್ತಿಗೆ ರೋಮ್ ಚಕ್ರವರ್ತಿ ಡೇಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಅಧಿಕಾರಿಗಳಿಂದ ಪತ್ರ ಪಡೆಯಬೇಕು ಎಂದು ಆಜ್ಞೆ ಹೊರಡಿಸಿದ. ಅಂಥ ಪತ್ರಗಳು ಈಜಿಪ್ಟ್‌ನ ಮರಳಲ್ಲಿ ಈಗಲೂ ಸಿಕ್ಕಿವೆ: ಹೆಸರು, ಊರು, 'ನಿಮ್ಮೆದುರೇ ಬಲಿ ಕೊಟ್ಟು ಪ್ರಸಾದ ತಿಂದೆ' ಎಂಬ ಒಕ್ಕಣೆ, ಕೆಳಗೆ ಸಾಕ್ಷಿಯ ರುಜು. ಕೆಲವು ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಬಲಿ ಕೊಡದೆ, ಲಂಚ ಕೊಟ್ಟು ಪತ್ರ ಮಾತ್ರ ಮಾಡಿಸಿಕೊಂಡರು. ಹಿಂಸೆ ತಣ್ಣಗಾದಾಗ ಎಲ್ಲರೂ ಸಭೆಯ ಬಾಗಿಲಿಗೆ ಬಂದು ನಿಂತರು. ರೋಮಿನ ಪಾದ್ರಿ ನೊವೇಷಿಯನ್ ಇವರನ್ನು ಕ್ಷಮಿಸುವ ಅಧಿಕಾರವೇ ಸಭೆಗಿಲ್ಲ ಎಂದ. ಕಾರ್ತೇಜಿನ ಬಿಷಪ್ ಸಿಪ್ರಿಯನ್, ದೀರ್ಘ ಪ್ರಾಯಶ್ಚಿತ್ತದ ನಂತರ ಸೇರಿಸಿಕೊಳ್ಳೋಣ ಎಂದರು. ಸ್ವತಃ ಅವರು ಆ ದಿನಗಳಲ್ಲಿ ತಲೆಮರೆಸಿಕೊಂಡಿದ್ದವರು. ಎದುರಾಳಿಗಳು ಸುಮ್ನೆ ಬಿಡ್ತಾರಾ, ಅದನ್ನೂ ಎತ್ತಿ ಆಡಿದರು.

ನಂತರ ಉತ್ತರ ಆಫ್ರಿಕಾದ ಬಿಷಪ್ ಆಗಸ್ಟಿನ್, ಕೊನೆತನಕ ನಿಲ್ಲುವುದೂ ದೇವರು ಕೊಡುವ ವರವೇ, ಅದು ತನಗಿದೆಯೋ ಇಲ್ಲವೋ ಎಂದು ಬದುಕಿರುವಾಗ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಸಾವಿರ ವರ್ಷ ಕಳೆದು ಕ್ಯಾಥೋಲಿಕ್ ಸಭೆಯಿಂದ ಬೇರೆಯಾದ ಪ್ರಾಟೆಸ್ಟಂಟರು ಬಂದಾಗ ಅವರೊಳಗೇ ಒಡಕು. ಜರ್ಮನಿಯ ಲೂಥರ್ ಹಾದಿ ಹಿಡಿದ ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರ, ಪವಿತ್ರಾತ್ಮನನ್ನು ಕಳೆದುಕೊಳ್ಳಲು ಸಾಧ್ಯವೇ ಇಲ್ಲ ಅನ್ನುವವರನ್ನು ಖಂಡಿಸಿತು. ಬಿದ್ದವರನ್ನು ಮತ್ತೆ ಸೇರಿಸಿಕೊಳ್ಳದ ನೊವೇಷಿಯನ್ ಕಡೆಯವರನ್ನೂ ಅಲ್ಲೇ ಖಂಡಿಸಿತು. ಜಿನೀವಾದ ಸುಧಾರಕ ಕ್ಯಾಲ್ವಿನ್ ಹಾದಿಯವರು ದೇವರು ಆರಿಸಿಕೊಂಡವರು ಕೊನೆಗೂ ಕೈಬಿಟ್ಟು ಹೋಗುವುದಿಲ್ಲ ಎಂದರು.

ಹಾಲೆಂಡಿನಲ್ಲಿ ನಡೆದದ್ದು ನನಗೆ ಜಾಸ್ತಿ ಕುತೂಹಲದ್ದು. ಕ್ಯಾಲ್ವಿನ್ ಹಾದಿಯವರ ಆಯ್ಕೆಯ ಮಾತನ್ನು ಪ್ರಶ್ನಿಸಿದ ಪಂಡಿತ ಆರ್ಮಿನಿಯಸ್ 1609ರಲ್ಲಿ ತೀರಿಕೊಂಡ ಮೇಲೆ ಅವರ ಕಡೆಯವರು 1610ರಲ್ಲಿ ಐದು ಅಂಶ ಬರೆದರು. ಐದನೆಯದು ಇದೇ ಪ್ರಶ್ನೆ. ಅಲ್ಲಿ ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ವೇದವನ್ನು ಇನ್ನಷ್ಟು ಓದಿ ನೋಡಬೇಕು ಎಂದರು. ಎಂಥ ಪ್ರಾಮಾಣಿಕ ಮಾತು, ಅಲ್ವಾ? ಆದರೆ ವಾದ ಬಿಸಿಯೇರಿತು, ಎಂಟೇ ವರ್ಷದಲ್ಲಿ ಅವರೂ 'ಕಳೆದುಕೊಳ್ಳಬಹುದು' ಎಂದು ಪಟ್ಟು ಹಿಡಿದರು. ಹಾಲೆಂಡಿನ ಸಭೆ ಕರೆದ 1618–19ರ ಡಾರ್ಟ್ ಮಹಾಸಭೆ ಅವರ ವಾದವನ್ನು ತಳ್ಳಿಹಾಕಿತು. ಬೈಬಲಿನ ದಾವೀದ, ಪೇತ್ರರಂತೆ ವಿಶ್ವಾಸಿಗಳು ಪಾಪಕ್ಕೆ ಬೀಳಬಹುದು, ಆದರೆ ದೇವರು ಪೂರ್ತಿ ಬಿಟ್ಟುಬಿಡುವುದಿಲ್ಲ ಎಂದಿತು. ಆರ್ಮಿನಿಯಸ್ ಪಕ್ಷದ ಬೋಧಕರು ಕೆಲಸ ಕಳೆದುಕೊಂಡರು. ಮುಂದೆ ಇಂಗ್ಲೆಂಡಿನಲ್ಲಿ ಆರ್ಮಿನಿಯಸ್ ಕಡೆ ನಿಂತ ಬೋಧಕ ವೆಸ್ಲಿ ಮತ್ತು ಕ್ಯಾಲ್ವಿನ್ ಕಡೆಯ ವಿಟ್‌ಫೀಲ್ಡ್, ಆಕ್ಸ್‌ಫರ್ಡ್ ಗೆಳೆಯರಿಬ್ಬರು, ದೇವರ ಆಯ್ಕೆಯ ವಿಷಯಕ್ಕೇ ಬೇರೆಯಾದರು.

ಕೊಡಗಿಗೆ ಈ ವಾದ ಪುಸ್ತಕದಿಂದ ಬರುವ ಮೊದಲೇ ಜನರ ಬದುಕಿನಲ್ಲಿ ಬಂದಿತ್ತು. 1784ರಲ್ಲಿ ಟಿಪ್ಪು ಕರಾವಳಿಯ ಕ್ಯಾಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ, ಅನೇಕರು ಒತ್ತಾಯಕ್ಕೆ ಮತ ಬದಲಿಸಬೇಕಾಯಿತು. ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮ ಚರ್ಚಿನ ಮೂಲ 1792ರದ್ದು. 1799ರಲ್ಲಿ ಟಿಪ್ಪು ಸತ್ತ ನಂತರ ಸೆರೆಯಿಂದ ಮರಳಿದವರನ್ನೂ ಸಭೆ ಸೇರಿಸಿಕೊಂಡಿತು. ಹಿಂದೆ ನೊವೇಷಿಯನ್ ಮಾತು ಬಿದ್ದು, ಬಿದ್ದವರನ್ನು ಸೇರಿಸಿಕೊಳ್ಳೋಣ ಎಂದ ಸಿಪ್ರಿಯನ್ ಗೆದ್ದಿದ್ದರಿಂದಲೇ ಅದು ಸಾಧ್ಯವಾಯಿತು ಎಂದು ನನಗನ್ನಿಸುತ್ತದೆ.

1853ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಕೊಡಗಿಗೆ ಬಂದರು. ಮುಂದೆ ಆನಂದಪುರದಲ್ಲಿ, ಹೆಚ್ಚಾಗಿ ಹೊಲೆಯ ಸಮುದಾಯದಿಂದ ಬಂದವರ ಸಭೆ ಕಟ್ಟಿದರು. ಆ ಮಿಷನ್ನಿನೊಳಗೇ ಲೂಥರನ್ನರೂ ಇದ್ದರು, ಕ್ಯಾಲ್ವಿನ್ ಹಾದಿಯವರೂ ಇದ್ದರು. 1947ರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದಾಗ ವೆಸ್ಲಿಯ ಮೆಥೋಡಿಸ್ಟರೂ ಕ್ಯಾಲ್ವಿನ್ ಹಾದಿಯ ಪ್ರೆಸ್ಬಿಟೇರಿಯನ್ನರೂ ಒಂದೇ ಸೂರಿನಡಿ ಬಂದರು. ಒಪ್ಪಂದಕ್ಕೆ ಹಳೆಯ ವಿಶ್ವಾಸಪ್ರಮಾಣಗಳೇ ಆಧಾರ, ಅವುಗಳಲ್ಲಿ ಈ ಪ್ರಶ್ನೆಯೇ ಇಲ್ಲ. ಹಾಗಾಗಿ ಇವತ್ತಿಗೂ ಒಂದೇ ಸಿಎಸ್‌ಐ ಬೆಂಚಿನಲ್ಲಿ 'ಹೋಗುತ್ತೆ' ಅನ್ನುವವರೂ 'ಹೋಗಲ್ಲ' ಅನ್ನುವವರೂ ಪಕ್ಕಪಕ್ಕ ಕೂತು ಪ್ರಭುಭೋಜನದ ಅದೇ ರೊಟ್ಟಿ ತೆಗೆದುಕೊಳ್ಳಬಹುದು.